ಪುಟ್ಟಮ್ಮನವರ ಹಾಲಿನಲ್ಲಿ ಗುಳ್ಳೆ

ನಮ್ಮ ಅಡುಗೆಮನೆಯಲ್ಲಿ ಈಗ ಮೂರು ಹೊತ್ತೂ ಸೀಸೆ ಬೇಯುತ್ತಿದೆ. ಮೊಮ್ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಮಗುವಿಗೆ ಗಾಜಿನ ಸೀಸೆಯೇ ಆಗಬೇಕು ಎಂದು ಹಟ ಮಾಡಿ ತರಿಸಿದವಳು ನಾನೇ. ಸಾರಿನ ಬೇಳೆಯ ಪಕ್ಕದಲ್ಲೇ ಅವು ಕುದಿನೀರಿನಲ್ಲಿ ಟಣಟಣ ಎನ್ನುತ್ತಿರುತ್ತವೆ. ಗಾಜಿಗೆ ವಾಸನೆ ಇಲ್ಲ ಎಂದು ಮೊಮ್ಮಗಳು ವಾದಿಸುತ್ತಾಳೆ. ಇದೆ. ಬಿಸಿ ಹಬೆ, ಒದ್ದೆ ಹತ್ತಿ, ಸ್ವಲ್ಪ ಸುಟ್ಟ ಕಾಗದ ಮೂರೂ ಸೇರಿದಂಥ ಒಂದು ವಾಸನೆ. ಅದು ಮೂಗಿಗೆ ಬಡಿದಾಗಲೆಲ್ಲ ನಾನು ಇಪ್ಪತ್ತಮೂರು ವರ್ಷದವಳಾಗಿ ಮಾದಾಪುರದಲ್ಲಿರುತ್ತೇನೆ, ಕಾಲಿಗೆ ಕಚ್ಚಿದ ಜಿಗಣೆಗೆ ಉಪ್ಪು ಹಾಕಿಕೊಳ್ಳುತ್ತಾ.

ಕೊಡಗು ಆಗ ಬೇರೆಯೇ ರಾಜ್ಯ. ಮಡಿಕೇರಿಯೇ ಅದರ ರಾಜಧಾನಿ. ಮೈಸೂರಿನವಳಾದ ನನಗೆ ಕುಶಾಲನಗರದ ಸೇತುವೆ ದಾಟಿದರೆ ಪರರಾಜ್ಯ. ಕೆಲಸ ಸಿಕ್ಕಿದ ದಿನ ನಮ್ಮಮ್ಮ, ಹಡಗು ಹತ್ತಿ ಹೋಗುವವಳಿಗೆ ಕಟ್ಟಿಕೊಡುವ ಹಾಗೆ ಚಟ್ನಿಪುಡಿ ಉಪ್ಪಿನಕಾಯಿ ಕಟ್ಟಿಕೊಟ್ಟಿದ್ದರು. ಕಾಫಿ ತೋಟಗಳ ನಡುವೆ ಎಂಟು ಮಂಚದ ಒಂದು ಆಸ್ಪತ್ರೆ, ಹೆಂಚಿನದು. ಅಲ್ಲಿಗೆ ನಾನು ಹೆಲ್ತ್ ವಿಸಿಟರ್. ಬಾಣಂತಿಯರ ಮನೆಗೆ ಹೋಗುವುದು, ಲೈನುಗಳಲ್ಲಿ, ಅಂದರೆ ತೋಟದ ಸಾಲುಮನೆಗಳಲ್ಲಿ, ಕೂಲಿಯವರ ಮಕ್ಕಳಿಗೆ ಸಿಡುಬಿನ ಚುಚ್ಚುಮದ್ದು ಹಾಕುವುದು, ಬಾವಿಗೆ ಕ್ರಿಮಿ ಸಾಯುವ ಪುಡಿ ಹಾಕಿಸುವುದು ನನ್ನ ಕೆಲಸ. ತರಬೇತಿ ಮುಗಿಸಿ ಆರು ತಿಂಗಳಾಗಿತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿಸಿಕೊಂಡನಂತೆ. ನನಗೆ ಬಂದದ್ದು ಸರ್ಟಿಫಿಕೇಟು.

ಆ ವರ್ಷ ಮಳೆ ಹಿಡಿದ ಕೂಡಲೇ ಊರೂರಲ್ಲಿ ಮಕ್ಕಳಿಗೆ ಭೇದಿ ಶುರುವಾಯಿತು. ಆಸ್ಪತ್ರೆಗಳಿಗೆ ಬರುವ ಹಾಲನ್ನು ಪರೀಕ್ಷೆ ಮಾಡಿಸಬೇಕೆಂದು ಮಡಿಕೇರಿಯಿಂದ ಆಜ್ಞೆ ಬಂತು. ಅದರ ಜೊತೆಗೆ ಒಂದು ಮರದ ಪೆಟ್ಟಿಗೆ. ಒಳಗೆ ಬೇಯಿಸಿ, ಬಿರಡೆ ಹಾಕಿ, ಕಂದು ಕಾಗದ ಸುತ್ತಿ ಕಟ್ಟಿದ ಸೀಸೆಗಳು. ಅವಕ್ಕೆ ಹಾಲು ತುಂಬಿಸಿ ಅದೇ ದಿನದ ಬಸ್ಸಿಗೆ ಹಾಕಿ ಕಳಿಸಬೇಕು. ಅಲ್ಲಿ ಆ ಹಾಲನ್ನು ನೀರು ಬೆರೆಸಿ ಬೆರೆಸಿ ತೆಳ್ಳಗೆ ಮಾಡಿ, ಒಂದೊಂದೇ ತೊಟ್ಟು ಒಂದು ಬಗೆಯ ಸಾರಿಗೆ ಬಿಡುತ್ತಾರೆ. ಸಾರಿನ ಕೊಳವೆಯೊಳಗೆ ಇನ್ನೊಂದು ಪುಟ್ಟ ಕೊಳವೆ ಬೋರಲಾಗಿ ಮುಳುಗಿರುತ್ತದೆ. ಹಾಲಿನಲ್ಲಿ ಸಗಣಿಯದೋ ಮನುಷ್ಯರ ಹೊಟ್ಟೆಯದೋ ಕ್ರಿಮಿ ಇದ್ದರೆ ಅದು ಸಾರು ತಿಂದು ಗಾಳಿ ಬಿಡುತ್ತದೆ, ಪುಟ್ಟ ಕೊಳವೆಯಲ್ಲಿ ಗುಳ್ಳೆ ನಿಲ್ಲುತ್ತದೆ. ಹಸಿ ಹಾಲಿನಲ್ಲಿ ಅಲ್ಪಸ್ವಲ್ಪ ಎಲ್ಲರದರಲ್ಲೂ ಇರುವುದೇ. ಎಷ್ಟು ತೆಳ್ಳಗೆ ಮಾಡಿದರೂ ಗುಳ್ಳೆ ಬರುತ್ತಲೇ ಇದ್ದರೆ ಆ ಹಾಲು ಕೆಟ್ಟದ್ದು. ಲೆಕ್ಕ ಇಷ್ಟು ಸರಳ.

ನಮ್ಮ ಆಸ್ಪತ್ರೆಗೆ ಹಾಲು ಕೊಡುತ್ತಿದ್ದವರು ಪುಟ್ಟಮ್ಮನವರು. ಐವತ್ತರ ಹತ್ತಿರದ ಹೆಂಗಸು, ಗಂಡ ಇಲ್ಲ. ತವರು ಶಿರಂಗಾಲ, ಅವರ ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ನೆಲೆಯೂರಿದ ಬೇಸಾಯದ ಮನೆ. ಮೂರು ಹಸು ಸಾಕಿಕೊಂಡು, ಒಂದೂವರೆ ಮೈಲಿ ನಡೆದು, ದಿನಾ ಏಳು ಗಂಟೆಗೆ ಸರಿಯಾಗಿ ಹಾಲು ತಂದು ಅಳೆದುಕೊಡುತ್ತಿದ್ದರು. ಅವರ ಸೆರಗು, ತಂಬಿಗೆ, ಮಾತು ಎಲ್ಲಾ ಚೊಕ್ಕಟ. ಇನ್ನೊಬ್ಬ ಸುಬ್ಬೇಗೌಡ, ಬಸ್ಸು ನಿಲ್ಲುವಲ್ಲಿ ಹೋಟೆಲು ಇಟ್ಟವನು. ಪುಟ್ಟಮ್ಮನವರಿಗೆ ಆಗದ ದಿನ ಅವನ ಹಾಲು. ಅವನ ಕೊಟ್ಟಿಗೆಗೆ ಹೋದವರು ಮೂಗು ಮುಚ್ಚಿಕೊಂಡೇ ಈಚೆಗೆ ಬರಬೇಕು, ಆದರೆ ಮನುಷ್ಯ ಬಹಳ ಒಳ್ಳೆಯವನು.

ಆಜ್ಞೆಯ ಜೊತೆ ಬಂದ ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಹಾಲು ತರಲು ಹೋದವರು ಎದುರಿಗೆ ನಿಂತು ಕರೆಸಬೇಕು, ಸೀಸೆಗೆ ತಮ್ಮ ಕೈಯಿಂದಲೇ ತುಂಬಿಸಬೇಕು. ನಾನು ಓದಿದ್ದೆ. ಆದರೆ ಆಷಾಢದ ಮಳೆ, ಬೆಳಿಗ್ಗೆ ಐದು ಗಂಟೆ, ಜಿಗಣೆಯ ದಾರಿ. ಹಿಂದಿನ ಸಂಜೆಯೇ ಇಬ್ಬರನ್ನೂ ಕರೆದು ಒಂದೊಂದು ಸೀಸೆ ಕೊಟ್ಟುಬಿಟ್ಟೆ. ಬೆಳಿಗ್ಗೆ ಕರೆದ ಹಾಲನ್ನು ಕತ್ತಿನ ತನಕ ತುಂಬಿಸಿ ತನ್ನಿ, ಸರ್ಕಾರದ ಪರೀಕ್ಷೆ, ಚೊಕ್ಕಟವಾಗಿರಲಿ ಎಂದು ಒತ್ತಿ ಹೇಳಿದೆ. ಅಷ್ಟು ಹೇಳಿದ್ದಕ್ಕೇ ನನ್ನ ಕರ್ತವ್ಯ ಮುಗಿಯಿತು ಅಂದುಕೊಂಡು ಬೆಚ್ಚಗೆ ಮಲಗಿದೆ.

ಮೂರನೆಯ ದಿನ ಬಸ್ಸಿನಲ್ಲಿ ಉತ್ತರ ಬಂತು. ಸುಬ್ಬೇಗೌಡನ ಹಾಲು ಯೋಗ್ಯ. ಪುಟ್ಟಮ್ಮನ ಹಾಲು ಕಲುಷಿತ, ಆಸ್ಪತ್ರೆಗೆ ಯೋಗ್ಯವಲ್ಲ.

ಆಗ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಗಾದೆಯೇ ಇದೆಯಲ್ಲ ಎಂದು ನನ್ನಷ್ಟಕ್ಕೆ ನಾನೇ ತಲೆದೂಗಿದೆ. ಮರುದಿನ ಏಳು ಗಂಟೆಗೆ ಪುಟ್ಟಮ್ಮನವರು ಬಂದಾಗ ಗೇಟಿನ ಹತ್ತಿರವೇ ತಡೆದು ಚೀಟಿ ಓದಿ ಹೇಳಿದೆ. ಮದ್ದಿಗೆ ಬಂದ ನಾಲ್ಕು ಜನ ಅಲ್ಲೇ ನಿಂತಿದ್ದರು. ಪುಟ್ಟಮ್ಮನವರು, ತಾವು ನೀರು ಬೆರೆಸಿಲ್ಲ ಎಂದರು. ನೀರಲ್ಲ, ಕ್ರಿಮಿ ಎಂದೆ. ಎಂಥ ಕ್ರಿಮಿ ಎಂದು ಕೇಳಿದರು. ಸಗಣಿಯಲ್ಲಿರುವಂಥದ್ದು ಎಂದು, ಕಲಿತ ಪಾಠವನ್ನು ಒಪ್ಪಿಸುವವಳ ಹಾಗೆ ಹೇಳಿದೆ. ಅವರ ಮುಖ ಕಪ್ಪಿಟ್ಟಿತು. ತಂಬಿಗೆಯನ್ನು ಸೆರಗಿನೊಳಗೆ ಮರೆಮಾಡಿಕೊಂಡು ತಿರುಗಿ ನಡೆದರು. ಪುಟ್ಟಮ್ಮನ ಹಾಲಿನಲ್ಲಿ ಹುಳ ಕಂಡವಂತೆ ಎಂಬ ಮಾತು ಸಂಜೆಯೊಳಗೆ ಎರಡು ತೋಟ ದಾಟಿತ್ತು.

ಆಗ ವಾರ್ಡಿನಲ್ಲಿ ಇಪ್ಪತ್ತೈದು ದಿನದ ಒಂದು ಗಂಡು ಕೂಸು ಇತ್ತು. ತಾಯಿ ಹೆತ್ತ ಮೂರನೆಯ ದಿನಕ್ಕೆ ನಂಜೇರಿ ತೀರಿಕೊಂಡಿದ್ದಳು. ತಂದೆ ಹತ್ತಿರದ ಎಸ್ಟೇಟಿನಲ್ಲಿ ರೈಟರು, ಲೆಕ್ಕ ಹಾಜರಿ ಬರೆಯುವ ಕೆಲಸ. ಮನೆಯಲ್ಲಿ ಹೆಣ್ಣು ದಿಕ್ಕಿಲ್ಲದ್ದರಿಂದ ಡಾಕ್ಟರು ಕೂಸನ್ನು ನಮ್ಮಲ್ಲೇ ಇರಿಸಿಕೊಂಡಿದ್ದರು. ಪುಟ್ಟಮ್ಮನವರ ಹಸುವಿನ ಹಾಲಿಗೆ ನೀರು ಸಕ್ಕರೆ ಹಾಕಿ ಕಾಯಿಸಿ, ಆಯಾ ದೇವಕಿ ಚಮಚದಲ್ಲಿ ಕುಡಿಸುತ್ತಿದ್ದಳು. ಕೂಸು ಕೆನ್ನೆ ತುಂಬಿಕೊಳ್ಳುತ್ತಾ ಬಂದಿತ್ತು. ರೈಟರು ದಿನಾ ಸಂಜೆ ಒದ್ದೆ ಕಂಬಳಿಯನ್ನು ಬಾಗಿಲಲ್ಲೇ ಬಿಟ್ಟು ಬಂದು ಮಂಚದ ಪಕ್ಕ ನಿಲ್ಲುತ್ತಿದ್ದರು, ಮುಟ್ಟಿದರೆ ಎಲ್ಲಿ ಒಡೆದೀತೋ ಎಂಬಂತೆ ಕೈ ಕಟ್ಟಿಕೊಂಡು. ಪರೀಕ್ಷೆಯ ಸುದ್ದಿ ಕೇಳಿ ಅವರು ನನಗೆ ಕೈ ಮುಗಿದರು. ಹೊತ್ತಿಗೆ ಸರಿಯಾಗಿ ತಿಳಿಯಿತಲ್ಲ ಸಿಸ್ಟರ್, ಇಲ್ಲದಿದ್ದರೆ ನನ್ನ ಮಗನ ಗತಿ ಏನಾಗುತ್ತಿತ್ತು ಎಂದರು. ನಾನು ನಮ್ರಳಾಗಿ ನಕ್ಕೆ. ಆ ನಗು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಸುಬ್ಬೇಗೌಡನ ಹಾಲು ಶುರುವಾಯಿತು. ವಾರ್ಡಿನಲ್ಲಿ ಹಾಲು ಕಾಯಿಸುತ್ತಿದ್ದರು, ನಿಜ. ಆದರೆ ಆ ಮಳೆಯಲ್ಲಿ ಸೌದೆಯೆಲ್ಲ ಹಸಿ. ಒಲೆ ಉರಿದದ್ದಕ್ಕಿಂತ ಹೊಗೆಯಾಡಿದ್ದೇ ಹೆಚ್ಚು. ಹಾಲು ಬೆಚ್ಚಗಾಗುತ್ತಿತ್ತೇ ಹೊರತು ಉಕ್ಕುತ್ತಿರಲಿಲ್ಲ. ಒಳ್ಳೆಯ ಹಾಲಿಗೆ ಅಷ್ಟು ಶಾಖ ಹೇಗೋ ಸಾಕಾಗಿತ್ತು. ಐದನೆಯ ದಿನ ಕೂಸಿಗೆ ಭೇದಿ ಹತ್ತಿತು. ಏಳನೆಯ ದಿನಕ್ಕೆ ಕಣ್ಣು ಗುಳಿಬಿದ್ದು, ನೆತ್ತಿ ಒಳಕ್ಕೆ ಹೋಯಿತು. ಡಾಕ್ಟರು ಚರ್ಮದಡಿಗೆ ಉಪ್ಪುನೀರು ಏರಿಸಿದರು. ನನ್ನನ್ನು ಹೆದರಿಸಿದ್ದು ಅದರ ಮೌನ. ಸೂಜಿ ಚುಚ್ಚಿದರೂ ಬಾಯಿ ಅಗಲಿಸುತ್ತಿತ್ತು ಅಷ್ಟೆ, ಸ್ವರ ಬರುತ್ತಿರಲಿಲ್ಲ. ಪುಟ್ಟಮ್ಮನ ಹಾಲಿನ ನಂಜು ಒಳಗೇ ಉಳಿದಿತ್ತು, ಈಗ ಹೊರಗೆ ಬಿತ್ತು ಎಂದು ಹೊರಗೆ ಕೂತ ರೋಗಿಗಳು ಮಾತಾಡಿಕೊಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾನೂ ಅದನ್ನೇ ನಂಬಿದ್ದೆ, ಸುಳ್ಳು ಯಾಕೆ ಹೇಳಲಿ.

ಎಂಟನೆಯ ದಿನ ಮಧ್ಯಾಹ್ನ ಲೈನುಗಳಿಂದ ಬರುವಾಗ ಮಳೆ ಜೋರಾಯಿತೆಂದು ಸುಬ್ಬೇಗೌಡನ ಹೋಟೆಲಿಗೆ ನುಗ್ಗಿದೆ. ಅವನು ಕೇಳದೆಯೇ ಕಾಫಿ ತಂದಿಟ್ಟ. ತನ್ನ ಹಾಲು ಪಾಸಾದದ್ದನ್ನು ಬಂದ ಗಿರಾಕಿಗಳಿಗೆಲ್ಲ ಹೇಳಿ ಹೇಳಿ ಅವನಿಗೆ ಎದೆ ಎರಡು ಅಂಗುಲ ಹಿಗ್ಗಿತ್ತು.

"ಪಾಸಾಗ್ದೆ ಏನಾಯ್ತದೆ ಅಮ್ಮೋರೆ, ಮೂರು ಉಕ್ಕು ಉಕ್ಸಿ, ಆರ್‍ಸಿ, ಆಮೇಲೆ ತುಂಬ್ಸಿದ್ದು. ಸರ್ಕಾರಕ್ಕೆ ಹಸಿ ಹಾಲು ಕೊಡಕ್ಕಾಯ್ತದಾ?"

ಲೋಟ ನನ್ನ ಕೈಯಲ್ಲೇ ನಿಂತಿತು. ಕುದಿಸಿದ ಹಾಲಿನಲ್ಲಿ ಯಾವ ಕ್ರಿಮಿ ಉಳಿದೀತು, ಯಾವ ಗುಳ್ಳೆ ಬಂದೀತು. ಹಿಂದೆ ಕೊಟ್ಟಿಗೆಯಿಂದ ಗಂಜಲದ ನೀರು ಹೋಟೆಲಿನ ಬಚ್ಚಲ ತನಕ ಹರಿದು ಬರುತ್ತಿತ್ತು. ಅದರ ಹತ್ತಿರವೇ ಆಸ್ಪತ್ರೆಗೆ ದಿನಾ ಹೋಗುವ ಹಸಿ ಹಾಲಿನ ಕ್ಯಾನು ಬಾಯಿ ತೆರೆದುಕೊಂಡು ಕೂತಿತ್ತು. ಅವನು ಮೋಸ ಮಾಡಿರಲಿಲ್ಲ. ಮರ್ಯಾದೆ ಮಾಡಿದ್ದ. ನಾನು ಎದುರಿಗೆ ನಿಂತಿದ್ದರೆ ಆ ಮರ್ಯಾದೆಗೆ ಅವಕಾಶವೇ ಇರುತ್ತಿರಲಿಲ್ಲ. ಇವನು ಹೀಗೆ ಮಾಡಿದ್ದರೆ ಪುಟ್ಟಮ್ಮನವರು ಏನು ಮಾಡಿದ್ದಾರು? ಆಸ್ಪತ್ರೆಗೆ ಓಡಿ ಹೋಗಿ ಹೋಟೆಲಿನ ಹಾಲು ಕೂಸಿಗೆ ಬೇಡ ಎಂದು ದೇವಕಿಗೆ ಹೇಳಿದೆ. ಡಾಕ್ಟರು ಸೋಮವಾರಪೇಟೆಗೆ ಹೋಗಿದ್ದರು. ಬರೀ ಬಾರ್ಲಿ ನೀರಿನಲ್ಲಿ ಆ ಕೂಸು ಇನ್ನೆಷ್ಟು ಹೊತ್ತು ತಾಳುತ್ತದೆ ಎಂದು ದೇವಕಿ ಕೇಳಿದಳು.

ಮರುದಿನ ಬೆಳಕು ಹರಿಯುವ ಮೊದಲೇ ಎರಡು ಹೊಸ ಸೀಸೆ ತೆಗೆದುಕೊಂಡು ಹೊರಟೆ. ಜಿಗಣೆಗಳು ಎಂಟು ದಿನದ ಬಾಕಿಯನ್ನು ಒಂದೇ ದಿನ ವಸೂಲು ಮಾಡಿದವು. ಪುಟ್ಟಮ್ಮನವರು ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಒಲೆಯ ಕೆಂಡದ ಮೇಲೆ ಹಾಲಿನ ತಂಬಿಗೆಯನ್ನು ಬೋರಲು ಹಿಡಿದುಕೊಂಡಿದ್ದರು. ಅದರ ಒಳಮೈಯ ತೇವವೆಲ್ಲ ಹಬೆಯಾಗಿ ಹೋಗಿ, ಮುಟ್ಟಿದರೆ ಸುಡುವಷ್ಟು ಕಾದ ಮೇಲೆ ಸೆರಗಿನಲ್ಲಿ ಹಿಡಿದು ಕೊಟ್ಟಿಗೆಗೆ ನಡೆದರು. ಹಾಲು ಕರೆಯೋ ಪಾತ್ರೆಗೆ ದಿನಾ ಬೆಂಕಿ ಮುಖ ತೋರಿಸಬೇಕು ಅಂತ ಅತ್ತೆ ಹೇಳಿಕೊಟ್ಟದ್ದಂತೆ. ಯಾಕೆ ಅಂತ ಅತ್ತೆಗೂ ಗೊತ್ತಿರಲಿಲ್ಲ, ಇವರೂ ಕೇಳಿರಲಿಲ್ಲ. ನನಗೆ ಗೊತ್ತಿತ್ತು. ಮಡಿಕೇರಿಯಲ್ಲಿ ಸೀಸೆಗೆ ಮಾಡುತ್ತಿದ್ದುದನ್ನೇ ಇವರು ಮೂವತ್ತು ವರ್ಷದಿಂದ ತಂಬಿಗೆಗೆ ಮಾಡಿಕೊಂಡು ಬಂದಿದ್ದರು.

ಹಾಲು ಕರೆದಾಯಿತು. ಒಂದು ಸೀಸೆ ಅವರ ಕೈಗೆ ಕೊಟ್ಟು, ಅವತ್ತು ಹೇಗೆ ತುಂಬಿಸಿದಿರೋ ಹಾಗೇ ಇವತ್ತೂ ತುಂಬಿಸಿ ಎಂದು ಬೇಡಿಕೊಂಡೆ. ಅವರು ಕಾಗದ ಬಿಚ್ಚಿದರು, ಬಿರಡೆ ತೆಗೆದು ಮೂಸಿ ನೋಡಿದರು, ಮುಖ ಸಿಂಡರಿಸಿದರು. ಆಮೇಲೆ ಸೀದಾ ಕೊಟ್ಟಿಗೆಯ ಪಕ್ಕದ ಸಣ್ಣ ಹಳ್ಳಕ್ಕೆ, ಅಲ್ಲಿಯವರ ಮಾತಿನಲ್ಲಿ ತೋಡಿಗೆ, ಹೋಗಿ, ಸೀಸೆಯಲ್ಲಿ ಹರಿಯುವ ನೀರು ತುಂಬಿ, ಕುಲುಕಿ ಚೆಲ್ಲಿದರು. ಒಂದು ಸಲವಲ್ಲ, ಮೂರು ಸಲ. ಬಿರಡೆಯನ್ನೂ ಉಜ್ಜಿ ತೊಳೆದರು. ತೋಡು ಬರುತ್ತಿದ್ದುದು ಮೇಲಿನ ತೋಟದ ಲೈನುಗಳ ಹಿಂದಿನಿಂದ. ಅಲ್ಲಿ ಅರವತ್ತು ಮನೆ. ಬೆಳಗಾದರೆ ಎಲ್ಲರಿಗೂ ಅದೇ ತೋಡಿನ ದಡ.

ಯಾಕೆ ತೊಳೆದಿರಿ ಎಂದು ಕೇಳಿದೆ.

"ಔಷ್ದಿ ಸೀಸೆ ಕಣವ್ವ. ಯಾರ್‍ಯಾರು ಮುಟ್ಟಿದ್ದೋ ಏನೋ. ತೊಳೀದೆ ಹೆಂಗೆ ಹಾಲು ಉಯ್ಲಿ? ಹಾಲು ಅಂದ್ರೆ ಲಕ್ಷ್ಮಿ. ನೀವೇ ಹೇಳಿದ್ರಿ, ಚೊಕ್ಕಟವಾಗಿರ್‍ಲಿ ಅಂತ. ಅದ್ಕೇ ಮನೇಲಿ ನಿಂತ ನೀರು ಬ್ಯಾಡ ಅಂತ ಹರಿಯೋ ನೀರಲ್ಲಿ ತೊಳ್ದೆ. ಬೆಂಕಿ ತೋರ್‍ಸನ ಅಂದ್ರೆ ಗಾಜು, ಸೀಳ್ಕಳಲ್ವಾ?"

ನನಗೆ ಹೊಟ್ಟೆಯಲ್ಲಿ ಹಾಲು ಹುಯ್ದಂತಾಯಿತು, ಅದರ ಹಿಂದೆಯೇ ನಾಚಿಕೆ ಬಂತು. ಇವರ ಮನೆಯಿಂದ ಬಂದ ಹಾಲು ಚಿನ್ನದಂಥದ್ದು. ಗುಳ್ಳೆ ಬಂದದ್ದು ತೋಡಿನ ನೀರಿಗೆ. ಸೀಸೆಯನ್ನು ಬೇಯಿಸಿಯೇ ಕಳಿಸಿದ್ದಾರೆ, ತೊಳೆಯಬೇಡಿ ಎಂಬ ಒಂದು ಮಾತನ್ನು ನಾನು ಹೇಳಿರಲಿಲ್ಲ. ಯಾಕೆ ಹೇಳಿರಲಿಲ್ಲ ಅಂದರೆ ಅದು ನನಗೆ ಹೊಳೆದೇ ಇರಲಿಲ್ಲ. ನಮ್ಮಮ್ಮನೂ ಇದ್ದಿದ್ದರೆ ತೊಳೆದೇ ತೊಳೆಯುತ್ತಿದ್ದರು. ಖಾಲಿ ಪಾತ್ರೆ ಕೈಗೆ ಕೊಟ್ಟರೆ ತೊಳೆಯದೆ ಹಾಲು ಹಾಕುವ ಹೆಂಗಸು ನಮ್ಮಲ್ಲಿ ಯಾರಿದ್ದಾರೆ?

ಎಲ್ಲವನ್ನೂ ಹೇಳಿ, ತಪ್ಪು ನನ್ನದು ಎಂದೆ. ಪುಟ್ಟಮ್ಮನವರು ಕರುವನ್ನು ಬಿಟ್ಟರು, ಹಗ್ಗ ಸುತ್ತಿದರು. ಅವರು ಬೈದಿದ್ದರೆ ಚೆನ್ನಾಗಿತ್ತು. ಎಂಟು ದಿನದಿಂದ ಬಾವಿಕಟ್ಟೆಯಲ್ಲಿ ತಮ್ಮ ಜೊತೆ ಯಾರೂ ನಿಂತಿಲ್ಲ ಎಂದಷ್ಟೇ ಹೇಳಿದರು. ಕೂಸಿನ ಸ್ಥಿತಿ ಅವರಿಗೆ ಆಗಲೇ ತಿಳಿದಿತ್ತು. ನಾನು ಹಾಲು ಕೇಳಲು ಬಾಯಿ ತೆಗೆಯುವ ಮೊದಲೇ ತಂಬಿಗೆಯನ್ನು ನನ್ನ ಮುಂದೆ ಇಟ್ಟರು.

"ತಗೊಂಡೋಗಿ. ಇದು ಮಗೀಗೆ. ನಿಮಗಲ್ಲ."

ಎರಡನೆಯ ಸೀಸೆಯನ್ನು ನನ್ನ ಕೈಯಾರೆ, ತೊಳೆಯದೆ, ತುಂಬಿಸಿದೆ. ಅದನ್ನು ನೋಡಲಾರದೆ ಅವರು ಮುಖ ಆಚೆ ತಿರುಗಿಸಿಕೊಂಡರು.

ನಮ್ಮ ಡಾಕ್ಟರು ಮಿಲಿಟರಿಯಲ್ಲಿ ಇದ್ದು ಬಂದ ಕೊಡವರು, ಮಾತು ಕಡಿಮೆ. ಸೀಸೆಯನ್ನು ಮಡಿಕೇರಿ ಬಸ್ಸಿಗೆ ಹಾಕಿ ಬಂದಾಗ ಅವರು ಸೋಮವಾರಪೇಟೆಯಿಂದ ಹಿಂದಿರುಗಿದ್ದರು. ಅವತ್ತು ನಾನು ಸೀಸೆ ಕೊಟ್ಟು ಮಲಗಿದ ಸಂಜೆಯಿಂದ ಹಿಡಿದು ಎಲ್ಲವನ್ನೂ ನಿಂತೇ ಹೇಳಿದೆ. ಅವರು ಕೇಳಿಸಿಕೊಂಡು, ಇದನ್ನೆಲ್ಲ ಬರೆದು ಸಹಿ ಮಾಡಿ ಕೊಡಬೇಕು ಎಂದರು. ಕೆಲಸ ಹೋಯಿತು ಅಂದುಕೊಂಡೆ. ಆಮೇಲೆ ಅವರು ಹಾಲಿನ ತಂಬಿಗೆ ನೋಡಿದರು, ಕೂಸನ್ನು ನೋಡಿದರು. ನಿಯಮದ ಪ್ರಕಾರ ಹೊಸ ಚೀಟಿ ಬರುವ ತನಕ ಆ ಹಾಲು ಕೊಡುವಂತಿಲ್ಲ. ಬಸ್ಸು ಹೋಗಿ ಪರೀಕ್ಷೆಯಾಗಿ ಬರಲು ಎರಡು ದಿನ.

"ನೋಡಮ್ಮ, ಚೀಟಿ ಕಾಯ್ತದೆ. ಇದು ಕಾಯೋದಿಲ್ಲ," ಎಂದರು.

ದೇವಕಿ ತನ್ನ ಮನೆಯ ಅಟ್ಟದಿಂದ ಒಣಸೌದೆ ತಂದಳು. ಹಾಲು ಡಾಕ್ಟರ ಎದುರಿಗೇ ಕುದಿಯಿತು. ಮೊದಲು ಒಂದು ಚಮಚ ಹಾಲಿಗೆ ನಾಲ್ಕು ಚಮಚ ನೀರು, ಗಂಟೆಗೊಮ್ಮೆ. ಸಂಜೆ ರೈಟರು ಬಂದರು. ತಂಬಿಗೆ ಯಾರದೆಂದು ಗುರುತು ಹಿಡಿದು, ಈ ಹಾಲಿಗೆ ಪರೀಕ್ಷೆ ಆಗಿದೆಯಾ ಎಂದು ಕೇಳಿದರು. ಆಗಿಲ್ಲ ಎಂದೆ. ಮೊದಲು ಆದದ್ದು ಪರೀಕ್ಷೆಯೇ ಅಲ್ಲ, ನನ್ನ ತಪ್ಪು ಎಂದೂ ಹೇಳಿದೆ. ಅವರ ಮುಖ ನೋಡುವ ಧೈರ್ಯ ಇರಲಿಲ್ಲ.

"ಅವತ್ತು ಕಾಗದ ನಂಬಿದೆ ಸಿಸ್ಟರ್," ಎಂದರು ಅವರು ಕೊನೆಗೆ. "ಈಗ ನಿಮ್ಮನ್ನ ನಂಬ್ತೇನೆ. ನನಗೆ ಬೇರೆ ಯಾರಿದ್ದಾರೆ?"

ಆ ಎರಡು ದಿನ ನಾನು ಅನ್ನ ಉಂಡದ್ದು ನೆನಪಿಲ್ಲ. ಜೋರು ಮಳೆ. ಭೇದಿ ಮೊದಲ ದಿನ ಆರು ಸಲ ಆಯಿತು, ಮರುದಿನ ಎರಡು ಸಲ. ಹಾಲಿನ ಪಾಲನ್ನು ಡಾಕ್ಟರು ಸ್ವಲ್ಪ ಸ್ವಲ್ಪವೇ ಏರಿಸಿದರು. ಕೂಸು ಕುಡಿಯುತ್ತಿತ್ತು, ಆದರೆ ಸದ್ದಿಲ್ಲ. ನನ್ನ ಊಹೆ ಮತ್ತೆ ತಪ್ಪಾಗಿದ್ದರೆ? ಹಸುವಿನಲ್ಲೇ ಏನಾದರೂ ಇದ್ದರೆ? ಪುಟ್ಟಮ್ಮನವರ ಮೇಲಿನ ಅಪವಾದ ನಿಜವಾಗಿ, ಅದರ ಜೊತೆಗೆ ಒಂದು ಜೀವವೂ ಹೋಗಿ, ಎರಡಕ್ಕೂ ನಾನೇ ಕಾರಣಳಾಗುತ್ತೇನೆ ಎಂದು ಎಣಿಸುತ್ತಲೇ ಇದ್ದೆ.

ಮೂರನೆಯ ಬೆಳಿಗ್ಗೆ ನಾನು ಬಾವಿಯ ಹತ್ತಿರ ಹಲ್ಲುಜ್ಜುತ್ತಿದ್ದೆ. ವಾರ್ಡಿನಿಂದ ಅಳು ಕೇಳಿಸಿತು. ಸಣ್ಣ ಅಳುವಲ್ಲ. ಹಟದ, ಸಿಟ್ಟಿನ, ತಾರಕದ ಅಳು. ಬಾಯಿ ಮುಕ್ಕಳಿಸುವುದನ್ನೂ ಮರೆತು ಓಡಿದೆ. ಲೋಟದಲ್ಲಿದ್ದುದೆಲ್ಲ ಮುಗಿದಿತ್ತು, ಖಾಲಿ ಚಮಚ ಬಾಯಿಗೆ ತಾಗಿದ್ದಕ್ಕೆ ಕೂಸು ಮುಖ ಕೆಂಪಗೆ ಮಾಡಿಕೊಂಡು ಕಿರುಚುತ್ತಿತ್ತು. ಡಾಕ್ಟರು ಬಾಗಿಲಿಗೆ ಬಂದು ನಿಂತರು, ಅಳು ಕೇಳಿಸಿಕೊಂಡರು, ಕಾಫಿ ಕುಡಿಯಲು ಹೋದರು. ನಾನು ಗೋಡೆಗೆ ಒರಗಿ ಅಳತೊಡಗಿದ್ದನ್ನು ನೋಡಿ ದೇವಕಿ, ಯಾರನ್ನು ಮೊದಲು ಸಮಾಧಾನ ಮಾಡುವುದು ಅಮ್ಮ, ನಿಮ್ಮನ್ನೋ ಕೂಸನ್ನೋ ಎಂದು ಗದರಿದಳು.

ಮಧ್ಯಾಹ್ನದ ಬಸ್ಸಿನಲ್ಲಿ ಚೀಟಿ ಬಂತು. ಯೋಗ್ಯ ಎಂದು ಬರೆದಿತ್ತು, ಕೆಳಗೆ ಕೆಂಪು ಶಾಯಿಯ ಗೆರೆ. ಕೊಡೆಯನ್ನೂ ತೆಗೆದುಕೊಳ್ಳದೆ ಪುಟ್ಟಮ್ಮನವರ ಮನೆಗೆ ನಡೆದೆ. ದಾರಿಯಲ್ಲಿ ಸುಬ್ಬೇಗೌಡನಿಗೂ, ಬಾವಿಕಟ್ಟೆಯಲ್ಲಿ ಕೊಡ ಇಟ್ಟುಕೊಂಡು ನಿಂತ ಹೆಂಗಸರಿಗೂ ಕೇಳದೆಯೇ ಓದಿ ಹೇಳಿದೆ. ಗೇಟಿನಲ್ಲಿ ನಿಂತು ಹೇಳಿದ್ದ ಮಾತಿಗಿಂತ ದೊಡ್ಡ ಸ್ವರದಲ್ಲೇ ಹೇಳಿದೆ.

ಪುಟ್ಟಮ್ಮನವರು ಕೊಟ್ಟಿಗೆ ಗುಡಿಸುತ್ತಿದ್ದರು. ನಾನು ಚೀಟಿ ಬಿಚ್ಚಿ, ಏದುಸಿರಿನಲ್ಲೇ ಓದಿದೆ. ಅವರು ಪೊರಕೆ ನಿಲ್ಲಿಸಲಿಲ್ಲ. ಅದನ್ನ ನಿಮ್ಮ ಪೆಟ್ಟಿಗೇಲಿ ಇಟ್ಕಳಿ ಎಂದರು. ಆಮೇಲೆ ತಲೆ ಎತ್ತದೆಯೇ ಕೇಳಿದರು.

"ಮಗ ಹೆಂಗದೆ?"

"ಬೆಳಿಗ್ಗೆ ಅತ್ತ," ಎಂದೆ. "ಲೋಟ ಖಾಲಿಯಾಯಿತು ಅಂತ ಅತ್ತ. ಗೇಟಿನ ತನಕ ಕೇಳಿಸಿತು."

ಪೊರಕೆ ನಿಂತಿತು. ಅವರು ಹಸುವಿನ ಬೆನ್ನಿನ ಮೇಲೆ ಕೈಯೂರಿ, ಸೆರಗಿನ ತುದಿಯಿಂದ ಎರಡು ಕಣ್ಣನ್ನೂ ಒತ್ತಿಕೊಂಡರು. ನಾನು ಹೋಗಲೋ ನಿಲ್ಲಲೋ ತಿಳಿಯದೆ ಮಳೆಯಲ್ಲೇ ನಿಂತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವರು ನನ್ನ ತೋಳು ಹಿಡಿದು ಮಾಡಿನ ಕೆಳಗೆ ಎಳೆದುಕೊಂಡರು.

"ಅತ್ತ ಅಂದ್ರೆ ಸಾಲ್ದಾಯ್ತು ಅಂತ ತಾನೇ," ಎಂದರು. "ಸಂಜೆಯಿಂದ ಅರ್ಧ ಪಾವು ಜಾಸ್ತಿ ತರ್‍ತೀನಿ. ನಾನೇ ತರ್‍ತೀನಿ."